ಜಾಬ್‌ವರ್ಕ್: ಬೋರ್ಡು ನಮ್ಮದು, ಕೂಲಿ ಅವರದು

‘ಕ್ಯಾಬಿನೆಟ್ ಜಾಬ್‌ವರ್ಕಿಗೆ ಕೊಟ್ಟಿದ್ದೀವಿ’ ಎನ್ನುವುದು ಬೆಂಗಳೂರಿನ ಇಂಟೀರಿಯರ್ ಗುತ್ತಿಗೆದಾರರ ದಿನನಿತ್ಯದ ಮಾತು. ಆಫೀಸು, ಆಸ್ಪತ್ರೆ, ಹಾಸ್ಟೆಲ್ ಟೆಂಡರ್ ಹಿಡಿದ ಎಲ್ಲರ ಹತ್ತಿರವೂ ಪ್ಯಾನೆಲ್ ಸಾ, ಹಾಟ್ ಪ್ರೆಸ್, ಎಡ್ಜ್‌ಬ್ಯಾಂಡಿಂಗ್ ಮೆಷಿನ್ ಇರುವುದಿಲ್ಲ. ಹಾಗಾಗಿ ಪ್ಲೈ ಬೋರ್ಡಿಗೆ ಲ್ಯಾಮಿನೇಟ್ (ಅಲಂಕಾರದ ತೆಳು ಹಾಳೆ) ಒತ್ತಿ, ಕತ್ತರಿಸಿ, ಅಂಚಿಗೆ ಟೇಪ್ ಅಂಟಿಸಿ, ತೂತು ಹಾಕುವ ಕೆಲಸ ಬೇರೆಯವರ ಶೆಡ್ಡಿಗೆ ಹೋಗುತ್ತದೆ. ಸೈಟಿನಲ್ಲಿ ಜೋಡಿಸುವುದು ತಮ್ಮ ಬಡಗಿಗಳು.

ಮಾತಿನಲ್ಲಿ ಎಲ್ಲವೂ ಜಾಬ್‌ವರ್ಕೇ. ಆದರೆ 2017ರ ಜಿಎಸ್‌ಟಿ ಕಾಯ್ದೆಯ ಪ್ರಕಾರ, ನೋಂದಾಯಿತ ವ್ಯಕ್ತಿಯೊಬ್ಬರಿಗೆ ಸೇರಿದ ಮಾಲಿನ ಮೇಲೆ ಇನ್ನೊಬ್ಬರು ಮಾಡುವ ಕೆಲಸ ಮಾತ್ರ ಜಾಬ್‌ವರ್ಕ್. ಪ್ಲೈ, ಲ್ಯಾಮಿನೇಟ್ ಗುತ್ತಿಗೆದಾರರದ್ದಾಗಿದ್ದರೆ ಆ ಹೆಸರು ಸಲ್ಲುತ್ತದೆ. ಬೋರ್ಡನ್ನೂ ಶೆಡ್ಡಿನವರೇ ತಂದು ಸಿದ್ಧ ಪ್ಯಾನೆಲ್ ಕೊಟ್ಟರೆ ಅದು ಮಾಲಿನ ಮಾರಾಟ. ಬಿಲ್ಲೂ ತೆರಿಗೆಯ ಲೆಕ್ಕವೂ ಬೇರೆ. ಜಾಬ್‌ವರ್ಕಾದರೆ ಮಾಲು ಮಾರಾಟದ ಬಿಲ್ಲಿಲ್ಲದೆ ಡೆಲಿವರಿ ಚಲನ್ (ಸಾಗಣೆ ಚೀಟಿ) ಮೇಲೆ ಹೋಗುತ್ತದೆ, ಒಂದು ವರ್ಷದೊಳಗೆ ವಾಪಸು ಬರಬೇಕು. ಉಳಿಕೆ ತುಂಡುಗಳು ಯಾರಿಗೆ ಎಂಬುದನ್ನೂ ಮೊದಲೇ ಬರೆದುಕೊಳ್ಳಿ. ಒಂದು 8×4 ಹಾಳೆ ಅಂದರೆ 32 ಚದರ ಅಡಿ. ಅದರಲ್ಲಿ ಎಷ್ಟು ಬಳಕೆಯಾಯಿತು ಎಂದು ಕೇಳದೆ ಕೂಲಿ ದರವನ್ನಷ್ಟೇ ನೋಡಿ ಟೆಂಡರ್ ಹಾಕುವುದು ಜಾಣತನವಲ್ಲ.

ಜಗಳ ಹುಟ್ಟುವುದು ಹೆಚ್ಚಾಗಿ ಕಟಿಂಗ್ ಲಿಸ್ಟಿನಲ್ಲಿ, ಅಂದರೆ ಗುತ್ತಿಗೆದಾರರು ಶೆಡ್ಡಿಗೆ ಕಳಿಸುವ ತುಂಡುಗಳ ಅಳತೆಪಟ್ಟಿಯಲ್ಲಿ. 18 ಎಂಎಂ ಪ್ಲೈಗೆ ಹೊರಗೆ 1 ಎಂಎಂ, ಒಳಗೆ 0.8 ಎಂಎಂ ಲ್ಯಾಮಿನೇಟ್ ಒತ್ತಿದರೆ ದಪ್ಪ ಸುಮಾರು 20ಕ್ಕೆ ಬರುತ್ತದೆ. 22 ಎಂಎಂ ಅಗಲದ ಟೇಪ್ ಬೇಕಾಗುವುದೂ ಅದಕ್ಕೇ. 600 ಎಂಎಂ ಕ್ಯಾಬಿನೆಟ್ಟಿನ ತಳದ ಹಲಗೆಯನ್ನು ಎರಡು ಪಕ್ಕದ 18 ಕಳೆದು 564 ಎಂದು ಬರೆದರೆ, ಜೋಡಿಸಿದಾಗ ಅಗಲ 604. ಒಂದರಲ್ಲಿ ಕಣ್ಣಿಗೆ ಬೀಳದು. ಹತ್ತು ಸಾಲಾಗಿ ನಿಂತಾಗ 40 ಎಂಎಂ ಹೆಚ್ಚು; ಕೊನೆಯದು ಗೋಡೆಯೊಳಗೆ ಹೋಗಬೇಕಷ್ಟೆ! ಲೆಕ್ಕದಲ್ಲಿ ಇರಬೇಕಾದದ್ದು 560.

ಇನ್ನೊಂದು, ಟೇಪಿನ ಕಳೆತ. 600ರ ಕ್ಯಾಬಿನೆಟ್ಟಿಗೆ ಶಟರ್ (ಬಾಗಿಲು) ಫಿನಿಶ್ ಅಗಲ, ಅಂದರೆ ಟೇಪ್ ಹಚ್ಚಿದ ಮೇಲಿನ ಅಗಲ, 597 ಇಟ್ಟುಕೊಳ್ಳೋಣ. ಎರಡೂ ಪಕ್ಕ 2 ಎಂಎಂ ಟೇಪ್ ಬರುವುದರಿಂದ ಕತ್ತರಿಸಬೇಕಾದ್ದು 593. ಗುತ್ತಿಗೆದಾರರು 593 ಎಂದು ಬರೆದು ಕಳಿಸುತ್ತಾರೆ. ಶೆಡ್ಡಿನ ಆಪರೇಟರ್ ಅದನ್ನೇ ಫಿನಿಶ್ ಅಳತೆ ಅಂದುಕೊಂಡು ಮತ್ತೆ 4 ಕಳೆದು 589ಕ್ಕೆ ಕತ್ತರಿಸುತ್ತಾನೆ. ಅಕ್ಕಪಕ್ಕದ ಶಟರ್ ನಡುವೆ 3 ಎಂಎಂ ಇರಬೇಕಾದ ಸಂದು 7 ಆಗುತ್ತದೆ, ಆ ಶಟರ್ ರಿಪೇರಿಯಾಗುವುದಿಲ್ಲ. ಲಿಸ್ಟಿನ ತಲೆಯ ಮೇಲೆ ‘ಕಟಿಂಗ್ ಅಳತೆ’ ಎಂದು ಎರಡು ಪದ ಬರೆದಿದ್ದರೆ ಸಾಕಿತ್ತು. ಟೇಪ್ ಹಚ್ಚುವ ಮೊದಲು ಅಂಚನ್ನು ಸವರುವ ಪ್ರೀ-ಮಿಲ್ಲಿಂಗ್ ಮೆಷಿನ್ ಇದ್ದರೆ ಅದರ ಹೆಚ್ಚುವರಿಯನ್ನು ಶೆಡ್ಡಿನವರೇ ಸೇರಿಸಿಕೊಳ್ಳಬೇಕು.

ಪ್ರತಿ ತುಂಡಿನ ಮುಂದೆ ಯಾವ ಅಂಚಿಗೆ 2 ಎಂಎಂ, ಯಾವುದಕ್ಕೆ 0.8, ಮರದ ಗೆರೆ ಉದ್ದಕ್ಕೋ ಅಡ್ಡಕ್ಕೋ ಎಂಬುದೂ ಇರಬೇಕು. ತೂತುಗಳಿಗೆ ಶೆಲ್ಫ್ ಪಿನ್ನಿನ (ಒಳಹಲಗೆ ಕೂರಿಸುವ ಗೂಟ) ವ್ಯಾಸ 5 ಎಂಎಂ, ಮುಂದಿನ ಅಂಚಿನಿಂದ 37 ಎಂಎಂ, ಒಂದರಿಂದೊಂದಕ್ಕೆ 32 ಎಂಎಂ. ಬಾಗಿಲ ಹಿಂಜ್ ಕೂರುವ ಕಪ್ಪಿಗೆ 35 ಎಂಎಂ. ಬಂದ ತುಂಡಿಗೆಲ್ಲ ಕ್ಯಾಬಿನೆಟ್ ನಂಬರಿನ ಸ್ಟಿಕ್ಕರ್ ಇಲ್ಲದಿದ್ದರೆ ಸೈಟಿನಲ್ಲಿ ಬಡಗಿಗೆ ಎರಡು ದಿನ ತುಂಡು ಹುಡುಕುವ ಕೆಲಸವೇ. ಇನ್ನು ಒಂದೇ ಮಗ್ಗುಲಿಗೆ ಲ್ಯಾಮಿನೇಟ್ ಒತ್ತಿಸಿ ದುಡ್ಡು ಉಳಿಸಿದರೆ ಶಟರ್ ಬಿಲ್ಲಿನಂತೆ ಬಾಗುತ್ತದೆ, ಎರಡೂ ಮಗ್ಗುಲು ತೇವವನ್ನು ಒಂದೇ ಸಮ ಹೀರುವುದಿಲ್ಲವಲ್ಲ.

ಹಣದ ಓಟವೂ ಎಣಿಕೆಗೆ ಬೇಕು. ಶೆಡ್ಡಿನವರು ಸಾಮಾನ್ಯವಾಗಿ ಪ್ಯಾನೆಲ್ ಎತ್ತುವ ಮುಂಚೆಯೇ ಕೂಲಿ ಕೇಳುತ್ತಾರೆ, ಗುತ್ತಿಗೆದಾರರಿಗೆ ರನ್ನಿಂಗ್ ಬಿಲ್ (ಕೆಲಸ ಮುಗಿದಷ್ಟಕ್ಕೆ ಕೊಡುವ ಕಂತು) ಬರುವುದು ಕ್ಯಾಬಿನೆಟ್ ನಿಂತ ಮೇಲೆ. ಸರ್ಕಾರಿ ಕೆಲಸವಾದರೆ ಕರಾರನ್ನೂ ಓದಿ: ಸಿಪಿಡಬ್ಲ್ಯುಡಿಯ (ಕೇಂದ್ರ ಲೋಕೋಪಯೋಗಿ ಇಲಾಖೆ) ಸಾಮಾನ್ಯ ಷರತ್ತುಗಳ 21ನೇ ಕಲಮು ಒಪ್ಪಿಗೆಯಿಲ್ಲದೆ ಕೆಲಸವನ್ನು ಇನ್ನೊಬ್ಬರಿಗೆ ಒಳಗುತ್ತಿಗೆ ಕೊಡುವಂತಿಲ್ಲ ಎನ್ನುತ್ತದೆ. ಪ್ಯಾನೆಲ್ ಹೊರಗೆ ಮಾಡಿಸುವುದು ಅದರಡಿ ಬರುತ್ತದೆಯೇ ಎಂದು ಇಂಜಿನಿಯರ್ ಹತ್ತಿರ ಮೊದಲೇ ಲಿಖಿತವಾಗಿ ಪಡೆದು, ಆಮೇಲೆ ಲಾರಿಗೆ ಪ್ಲೈ ಏರಿಸಿ.