ಬೆನ್ನಿನ ಸ್ನಾಯು ಎದೆಗೆ ಬಂದಾಗ: ನರ ಇರಲೋ, ಹೋಗಲೋ?

ಸ್ತನ ತೆಗೆದ ಜಾಗದಲ್ಲಿ ಹೊಸ ಸ್ತನ ಕಟ್ಟಲು ಬೆನ್ನಿನ ಲ್ಯಾಟಿಸಿಮಸ್ ಡಾರ್ಸೈ ಸ್ನಾಯುವನ್ನು ತಿರುಗಿಸಿ ತರುವಾಗ ಕಂಕುಳಿನ ರಕ್ತನಾಳಗಳನ್ನು ಕಡಿಯುವಂತಿಲ್ಲ. ಸ್ನಾಯು ಬದುಕುವುದೇ ಅವುಗಳಿಂದ. ಜೊತೆಯಲ್ಲೇ ಆ ಸ್ನಾಯುವನ್ನು ಆಡಿಸುವ ಥೊರಾಕೊಡಾರ್ಸಲ್ ನರವೂ ಬರುತ್ತದೆ. ಅದನ್ನು ಉಳಿಸಿದರೆ ಸ್ನಾಯು ಎದೆಯ ಮೇಲೆ ಕೂತೂ ಹಳೆಯ ಕೆಲಸವನ್ನೇ ಮಾಡುತ್ತದೆ. ಬಾವಿಯಿಂದ ನೀರು ಸೇದುವಾಗ, ಬೆನ್ನ ಹಿಂದೆ ಹುಕ್ಕು ಹಾಕುವಾಗ, ಕೆಮ್ಮಿದಾಗ ಕೂಡ ಹೊಸ ಸ್ತನ ಸೆಟೆದು ಕಂಕುಳ ಕಡೆಗೆ ಜಗ್ಗಬಹುದು.

ಉಳಿಸುವವರ ವಾದ ಗಾತ್ರದ್ದು. ನರ ಹೋದ ಸ್ನಾಯು ಕೆಲವು ತಿಂಗಳಲ್ಲಿ ಸೊರಗುತ್ತದೆ, ನಿಜ. ಆದರೆ ನರ ಉಳಿದರೂ, ಮೊದಲಿನ ಬಿಗಿತವೂ ಎಳೆಯುವ ಕೆಲಸವೂ ಇಲ್ಲದ ಸ್ನಾಯು ತೆಳುವಾಗದೆ ಇರದು. ಕೊನೆಗೆ ಗಾತ್ರ ಕಾಯುವುದು ಸ್ನಾಯುವಿನೊಡನೆ ತಂದ ಕೊಬ್ಬು, ಇಂಪ್ಲಾಂಟ್ (ಒಳಗಿಡುವ ಕೃತಕ ಚೀಲ), ಇಲ್ಲವೇ ಆಮೇಲೆ ಸೂಜಿಯಿಂದ ತುಂಬುವ ಕೊಬ್ಬು. ಹಾಗಾಗಿ ಇಂಪ್ಲಾಂಟ್ ಇಡುವಲ್ಲಿ ನನ್ನ ಒಲವು ನರ ಕತ್ತರಿಸುವ ಕಡೆಗೇ. ಇಂಪ್ಲಾಂಟಿನ ಅಳತೆಯನ್ನು ಮಾತ್ರ ಸ್ನಾಯು ಸೊರಗುವುದನ್ನು ಲೆಕ್ಕಹಾಕಿ ಆರಿಸಬೇಕು.

ಕತ್ತರಿಸಿದ ತುದಿಗಳು ಎದುರುಬದುರು ಉಳಿದರೆ ನರ ಮತ್ತೆ ಬೆಳೆದು ಕೂಡಿಕೊಳ್ಳಬಹುದು. ತಿಂಗಳುಗಳ ಮೇಲೆ ಸೆಳೆತ ಮರಳಬಹುದು. ಆದ್ದರಿಂದ 2–3 ಸೆಂ.ಮೀ. ತುಂಡನ್ನೇ ತೆಗೆದು ಎರಡೂ ತುದಿಗೆ ಕ್ಲಿಪ್ ಹಾಕುವುದು ಲೇಸು. ಹಿಡಿಯಬೇಕಾದ್ದು ಕಂಕುಳಿನ ಮೇಲ್ಭಾಗದಲ್ಲಿ, ಕವಲೊಡೆಯುವ ಮುನ್ನ. ಕೆಳಗಿಳಿದಷ್ಟೂ ನರ ನಾಳಗಳಿಗೆ ಒತ್ತಿಕೊಳ್ಳುತ್ತದೆ. ನರಕ್ಕೆ ಸಣ್ಣ ವಿದ್ಯುತ್ ಹಾಯಿಸುವ ಸ್ಟಿಮ್ಯುಲೇಟರ್ ಮುಟ್ಟಿಸಿ ಯಾವ ಸ್ನಾಯು ಅದುರುತ್ತದೆಂದು ನೋಡದೆ ಕತ್ತರಿ ಆಡಿಸಬಾರದು. ಅದಕ್ಕೆ ಸ್ನಾಯು ಸಡಿಲಿಸುವ ಔಷಧದ ಪ್ರಭಾವ ಇಳಿದಿರಬೇಕು, ಅರಿವಳಿಕೆ ತಜ್ಞರಿಗೆ ಮೊದಲೇ ಹೇಳಿರಬೇಕು. ಇದರ ಬದಲು, ಹತ್ತಿರದಲ್ಲೇ ಎದೆಗೂಡಿಗೆ ಅಂಟಿದ ಲಾಂಗ್ ಥೊರಾಸಿಕ್ ನರವನ್ನು ತಪ್ಪಿ ಕಡಿದರೆ ಹೆಗಲಿನ ಹಿಂದಿನ ಮೂಳೆ ರೆಕ್ಕೆಯಂತೆ ಎದ್ದು ನಿಲ್ಲುತ್ತದೆ.

ತೋಳಿನ ಮೂಳೆಗೆ ಅಂಟಿದ ಸ್ನಾಯುವಿನ ತುದಿಯನ್ನೂ ಬಿಡಿಸಿದರೆ ಜಗ್ಗುವುದು ಇನ್ನಷ್ಟು ಕಡಿಮೆ. ಆದರೆ ಆಗ ಇಡೀ ಭಾರ ನಾಳಗಳ ಮೇಲೆ ಜೋತುಬೀಳುತ್ತದೆ. ಸ್ನಾಯುವನ್ನು ಎದೆಗೋಡೆಗೆ ಹೊಲಿದು ನಿಲ್ಲಿಸಲೇಬೇಕು.

ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದು ರೇಡಿಯೇಷನ್ ಕೊಟ್ಟವರ ಲೆಕ್ಕವೇ ಬೇರೆ. ಅಲ್ಲಿ ಕಲೆಗಟ್ಟಿದ ಅಂಗಾಂಶದಲ್ಲಿ ನರ ಬಿಡಿಸಲು ಹೋಗಿ ನಾಳ ಹರಿದರೆ ಫ್ಲ್ಯಾಪೇ (ತಿರುಗಿಸಿ ತಂದ ಸ್ನಾಯುವೇ) ಸಾಯುತ್ತದೆ. ನರದ ಗೊಡವೆಗೆ ಹೋಗದಿರುವುದೇ ಜಾಣತನ. ಶಸ್ತ್ರಚಿಕಿತ್ಸೆಗೆ ಮುಂಚೆ ಇವರಿಗೆ ಕೈಯನ್ನು ಸೊಂಟಕ್ಕೆ ಒತ್ತಲು ಹೇಳಿ, ಕಂಕುಳಿನ ಹಿಂಬದಿ ಮಡಿಕೆ ಹಿಡಿದು ನೋಡಬೇಕು. ಗಟ್ಟಿಯಾಗದಿದ್ದರೆ ನರ ಆಗಲೇ ಹೋಗಿದೆ, ನಾಳವೂ ಕೆಟ್ಟಿರಬಹುದು; ರಕ್ತದ ಹರಿವು ನೋಡುವ ಡಾಪ್ಲರ್ ಪರೀಕ್ಷೆ ಮಾಡಿಸದೆ ಮುಂದುವರಿಯಬಾರದು.

ನರ ಬಿಟ್ಟವರಲ್ಲಿ ಸೆಳೆತ ಕಾಡಿದರೆ ಸ್ನಾಯುವನ್ನು ಸಡಿಲಿಸುವ ಬೊಟುಲಿನಮ್ ಚುಚ್ಚುಮದ್ದು ಮೂರು–ನಾಲ್ಕು ತಿಂಗಳು ತಡೆಯುತ್ತದೆ, ಆಮೇಲೆ ಮತ್ತೆ ಚುಚ್ಚಬೇಕು.