ಚಿನ್ನದ ಕಲ್ಲು, ಬಿಳಿ ದೂಳು

ಕೋಲಾರದ ಚಿನ್ನ ಗಟ್ಟಿ ಗಟ್ಟಿಯಾಗಿ ಸಿಗುತ್ತಿರಲಿಲ್ಲ. ಅದು ಬೆಣಚುಕಲ್ಲಿನ ಪದರಗಳಲ್ಲಿ ಅಡಗಿತ್ತು. ಕೊನೆಯ ವರ್ಷಗಳಲ್ಲಂತೂ ಒಂದು ಟನ್ ಕಲ್ಲಿಗೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ. ಉಳಿದದ್ದೆಲ್ಲ ಪುಡಿ. ಬೆಣಚುಕಲ್ಲು ಅಂದರೆ ಹೆಚ್ಚುಕಮ್ಮಿ ಶುದ್ಧ ಸಿಲಿಕಾ. ಚಿನ್ನ ಕೊಟ್ಟ ಕಲ್ಲೇ ಕಾರ್ಮಿಕರ ಶ್ವಾಸಕೋಶಕ್ಕೂ ಇಳಿಯಿತು.

ಸಿಲಿಕಾ ದೂಳಿನಿಂದ ಬರುವ ಶ್ವಾಸಕೋಶದ ರೋಗವೇ ಸಿಲಿಕೋಸಿಸ್. ಭಾರತದಲ್ಲಿ ಅದು ಮೊದಲು ವರದಿಯಾದದ್ದು 1934ರಲ್ಲಿ, ಇದೇ ಕೆಜಿಎಫ್‌ನಿಂದ. ಜಾನ್ ಟೇಲರ್ ಕಂಪನಿ ಗಣಿ ಶುರು ಮಾಡಿ ಆಗಲೇ ಸುಮಾರು 50 ವರ್ಷ ಕಳೆದಿತ್ತು. 1940ರಿಂದ 46ರವರೆಗೆ 7,653 ಕಾರ್ಮಿಕರ ತಪಾಸಣೆ ನಡೆಯಿತು. 3,402 ಮಂದಿಗೆ ಸಿಲಿಕೋಸಿಸ್ ಇತ್ತು. ನೂರಕ್ಕೆ 44! 1902ರಲ್ಲೇ ಶಿವನಸಮುದ್ರದಿಂದ ಅಷ್ಟು ದೂರ ತಂತಿ ಎಳೆದು ಈ ಗಣಿಗೆ ಕರೆಂಟ್ ತಂದಿದ್ದರು. ಎದೆಯೊಳಗೆ ಏನಾಗುತ್ತಿದೆ ಎಂದು ನೋಡಲು ಮಾತ್ರ ಇನ್ನೂ ನಾಲ್ಕು ದಶಕ ಬೇಕಾಯಿತು.

ಅಪಾಯ ಇರುವುದು ಕಣ್ಣಿಗೆ ಕಾಣುವ ದೂಳಿನಲ್ಲಿ ಅಲ್ಲ. ದಪ್ಪ ಕಣ ಮೂಗು, ಗಂಟಲಲ್ಲೇ ನಿಲ್ಲುತ್ತದೆ, ಕೆಮ್ಮಿದರೆ ಹೊರಗೆ ಬರುತ್ತದೆ. ಕೂದಲೆಳೆಗಿಂತ ಹತ್ತಿಪ್ಪತ್ತು ಪಟ್ಟು ಸಣ್ಣ ಕಣ ನೇರ ಶ್ವಾಸಕೋಶದ ತಳಕ್ಕೆ ಹೋಗುತ್ತದೆ. ಅಲ್ಲಿನ ಕಾವಲು ಜೀವಕೋಶಗಳು ಅದನ್ನು ನುಂಗುತ್ತವೆ, ಅರಗಿಸಲಾಗದೆ ಸಾಯುತ್ತವೆ. ಕಣ ಅಲ್ಲೇ ಉಳಿಯುತ್ತದೆ. ಇನ್ನೊಂದು ಜೀವಕೋಶ ಬಂದು ಅದನ್ನೇ ನುಂಗುತ್ತದೆ. ಹೀಗೆ ಗಾಯದ ಮೇಲೆ ಗಾಯವಾಗಿ ಶ್ವಾಸಕೋಶ ಗಟ್ಟಿಯಾಗುತ್ತದೆ. ಕೆಲಸ ಬಿಟ್ಟರೂ ರೋಗ ಬಿಡದೆ ಮುಂದುವರಿಯಬಹುದು. ವಾಸಿ ಮಾಡುವ ಔಷಧಿ ಇಲ್ಲ. ಜೊತೆಗೆ ಟಿಬಿ ಅಂಟುವ ಸಾಧ್ಯತೆಯೂ ಜಾಸ್ತಿ.

ತಡೆಯುವ ದಾರಿ ಹೊಸದೇನಲ್ಲ. ನೀರು ಹರಿಸುತ್ತಾ ಕಲ್ಲು ಕೊರೆಯುವ ಡ್ರಿಲ್ 19ನೇ ಶತಮಾನದ ಕೊನೆಗೇ ಬಂದಿತ್ತು. ಅದಕ್ಕೂ ಮೊದಲಿನ ಒಣ ಡ್ರಿಲ್‌ಗೆ ಅಮೆರಿಕದ ಗಣಿಗಳಲ್ಲಿದ್ದ ಅಡ್ಡಹೆಸರೇ 'ವಿಧವೆ ಮಾಡುವ ಯಂತ್ರ'. ನೀರು, ಗಾಳಿ, ದೂಳು ಎಳೆಯುವ ಫ್ಯಾನು. ಮಾಸ್ಕ್ ಬರುವುದು ಇವೆಲ್ಲ ಆದಮೇಲೆ. ನಮ್ಮಲ್ಲಿ ಅದು ಉಲ್ಟಾ. ಮೊದಲು ಒಂದು ಬಟ್ಟೆ ಮಾಸ್ಕ್ ಕೊಟ್ಟು ಸುಮ್ನಾಗುತ್ತಾರೆ. ಈ ಸಣ್ಣ ಕಣದ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ಕಾನೂನು ಇರಲಿಲ್ಲ ಎಂದೂ ಹೇಳುವಂತಿಲ್ಲ. 1948ರ ಕಾರ್ಖಾನೆ ಕಾಯ್ದೆ ಸಿಲಿಕೋಸಿಸ್ಸನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ದೂಳಿಗೆ ಮಿತಿ ಹಾಕಲು ಒಂದು ಸೂತ್ರವೂ ಬಂತು. ಆ ಸೂತ್ರದ ಪ್ರಕಾರ ಶುದ್ಧ ಬೆಣಚುಕಲ್ಲಿನ ದೂಳು ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 100 ಮೈಕ್ರೊಗ್ರಾಂ ಇರಬಹುದಿತ್ತು. ಅಮೆರಿಕ 2016ರಲ್ಲಿ ತನ್ನ ಮಿತಿಯನ್ನು 50ಕ್ಕೆ ಇಳಿಸಿತು. ಆಸ್ಟ್ರೇಲಿಯಾ ಇನ್ನೂ ಮುಂದೆ ಹೋಗಿ, ಅಡುಗೆಮನೆ ಕಟ್ಟೆಗೆ ಹಾಕುವ ಕೃತಕ ಕ್ವಾರ್ಟ್ಜ್ ಕಲ್ಲನ್ನು 2024ರ ಜುಲೈ 1ರಿಂದ ನಿಷೇಧಿಸಿತು. ಆ ಕಲ್ಲಿನಲ್ಲಿ ಸಿಲಿಕಾ ನೂರಕ್ಕೆ 90 ದಾಟುವುದೂ ಉಂಟು. ಬೆಂಗಳೂರಿನ ಹೊಸ ಫ್ಲ್ಯಾಟ್‌ಗಳಲ್ಲಿ ಅದೇ ಈಗ ಫ್ಯಾಷನ್ ಅಲ್ವಾ?

ಮಿತಿಯ ಅಂಕಿಗಿಂತ ದೊಡ್ಡ ತೊಡಕು ಹಾಜರಿ ಪುಸ್ತಕದ್ದು. ಕೆಜಿಎಫ್‌ನಲ್ಲಿ ಏಳೂವರೆ ಸಾವಿರ ಜನರನ್ನು ಪರೀಕ್ಷಿಸಲು ಆಗಿದ್ದು ಏಕೆ? ಅವರೆಲ್ಲರ ಹೆಸರು ರಿಜಿಸ್ಟರ್‌ನಲ್ಲಿತ್ತು. ಕಂಪನಿಯದೇ ಆಸ್ಪತ್ರೆ ಇತ್ತು. ಆ ಗಣಿ 2001ರಲ್ಲಿ ಮುಚ್ಚಿತು. ಕಲ್ಲಿನ ಕೆಲಸ ಮುಚ್ಚಲಿಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್ ಕ್ವಾರಿ, ಜಿಗಣಿಯ ಪಾಲಿಶ್ ಘಟಕ, ಊರೂರಿನ ಕ್ರಷರ್, ಮನೆಮನೆಗೆ ಬಂದು ಗ್ರೈಂಡರ್ ಹಿಡಿದು ಟೈಲ್ಸ್ ಕೊಯ್ಯುವ ಹುಡುಗ. ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ದುಡಿಯುವವನ ಎದೆಯ ದೂಳು ಯಾರ ಲೆಕ್ಕಕ್ಕೆ? ಎಕ್ಸ್‌ರೇ ನೋಡಿದ ಡಾಕ್ಟರು ಏನು ಕೆಲಸ ಮಾಡ್ತೀಯ ಎಂದು ಕೇಳದೇ ಹೋದರೆ ಅವನು ಚೀಟಿಯಲ್ಲಿ ಟಿಬಿ ಎಂದು ಬರೆಸಿಕೊಂಡು ಬರುತ್ತಾನೆ.

ಮಧ್ಯಪ್ರದೇಶದ ಆಲಿರಾಜಪುರ, ಝಾಬುವಾ ಕಡೆಯ ಆದಿವಾಸಿಗಳಿಗೆ ಆದದ್ದೂ ಇಂಥದ್ದೇ. ಗುಜರಾತಿನ ಗೋಧ್ರಾದಲ್ಲಿ ಬೆಣಚುಕಲ್ಲು ಪುಡಿ ಮಾಡುವ ಘಟಕಗಳಿಗೆ ಕೂಲಿಗೆ ಹೋದರು, ಕೆಮ್ಮುತ್ತಾ ಊರಿಗೆ ಮರಳಿದರು. ಸತ್ತ 238 ಮಂದಿಯ ಮನೆಯವರಿಗೆ ತಲಾ 3 ಲಕ್ಷ ರೂಪಾಯಿ ಕೊಡಿ ಎಂದು ಸುಪ್ರೀಂ ಕೋರ್ಟ್ ಗುಜರಾತ್ ಸರ್ಕಾರಕ್ಕೆ ಹೇಳಿದ್ದು 2016ರಲ್ಲಿ. ಕೋಲಾರದ ಆ ಮೊದಲ ವರದಿ ಬಂದು ಆಗಲೇ 82 ವರ್ಷವಾಗಿತ್ತು.