ಉಪ್ಪಳದ ಬಾವಿ, ಪೆರ್ಲದ ಸುರಂಗ: ಹಿಮ್ಮುಖ ಅಭಿಸರಣೆಯನ್ನು ಅರಿಯಲು ಒಂದು ಟಿಪ್ಪಣಿ

ದೊಡ್ಡಮ್ಮನ ಮನೆ ಕಾಸರಗೋಡಿನ ಉಪ್ಪಳದಲ್ಲಿ, ಕಡಲಿನಿಂದ ಕೂಗಳತೆಯ ದೂರದಲ್ಲಿದೆ. ಮಾರ್ಚ್ ಕಳೆಯಿತೆಂದರೆ ಅವರ ಬಾವಿಯ ನೀರು ಉಪ್ಪಾಗುತ್ತದೆ. ಅಜ್ಜಿಯ ಮನೆ ಪೆರ್ಲದ ಗುಡ್ಡದ ಬದಿಯಲ್ಲಿ. ಅಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದ ಸುರಂಗದಿಂದ ನೀರು ತಾನಾಗಿಯೇ ಹರಿದು ತೊಟ್ಟಿಗೆ ಬೀಳುತ್ತದೆ. ಈಗ ಎರಡೂ ಮನೆಗಳ ಅಡುಗೆಕೋಣೆಯಲ್ಲಿ ಆರ್‌ಒ, ಅಂದರೆ ಹಿಮ್ಮುಖ ಅಭಿಸರಣೆಯಿಂದ ನೀರನ್ನು ಶುದ್ಧ ಮಾಡುವ ಯಂತ್ರವಿದೆ. ಉಪ್ಪಳದಲ್ಲಿ ಅದು ಬೇಕೇ ಬೇಕು, ಪೆರ್ಲದಲ್ಲಿ ಬೇಕಿರಲಿಲ್ಲ. ಯಾಕೆ ಎಂಬುದು ತಿಳಿಯಬೇಕಾದರೆ ಯಂತ್ರದೊಳಗಿನ ಪೊರೆಯ ಎರಡು ಬದಿಗಳಲ್ಲಿ ಏನು ನಡೆಯುತ್ತದೆ ಎಂದು ನೋಡಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಈಗ ರಸಾಯನಶಾಸ್ತ್ರದ ಪದವಿಗೆ ಸೇರಿದ ನನ್ನಂಥವರಿಗಾಗಿ ಈ ಟಿಪ್ಪಣಿ ಬರೆದಿದ್ದೇನೆ.

ಮಾವಿನ ಮಿಡಿಯಿಂದ ಆರಂಭಿಸೋಣ. ಮಿಡಿಯನ್ನು ಕಲ್ಲುಪ್ಪಿನೊಂದಿಗೆ ಭರಣಿಯಲ್ಲಿ ತುಂಬಿಟ್ಟರೆ ಕೆಲವೇ ದಿನಗಳಲ್ಲಿ ಅದು ಚಿರುಟಿ, ಭರಣಿಯ ತುಂಬ ಉಪ್ಪುನೀರು ನಿಂತಿರುತ್ತದೆ. ಯಾರೂ ನೀರು ಹೊಯ್ದಿಲ್ಲ. ಅದು ಮಿಡಿಯ ಒಳಗಿನದೇ. ಇನ್ನೊಂದೆಡೆ ರಾತ್ರಿ ನೆನೆಹಾಕಿದ ಕಡಲೆ ಬೆಳಗ್ಗೆ ಉಬ್ಬಿರುತ್ತದೆ. ಎರಡರ ಹಿಂದೆಯೂ ಇರುವ ನಿಯಮ ಒಂದೇ: ನೀರನ್ನು ಬಿಟ್ಟು ಕರಗಿದ್ದನ್ನು ತಡೆಯುವ ಪೊರೆ ನಡುವೆ ಇದ್ದರೆ, ನೀರು ತೆಳು ದ್ರಾವಣದಿಂದ ಗಟ್ಟಿ ದ್ರಾವಣದ ಕಡೆಗೆ ಸಾಗುತ್ತದೆ. ಇದೇ ಅಭಿಸರಣೆ, ಅಂಥ ಪೊರೆಗೆ ಅರೆವ್ಯಾಪ್ಯ ಪೊರೆ ಎಂದು ಹೆಸರು. 1748ರಲ್ಲಿ ಫ್ರಾನ್ಸಿನ ನೊಲೆ ಎಂಬ ಪಾದ್ರಿ ಮದ್ಯಸಾರ ತುಂಬಿದ ಸೀಸೆಯ ಬಾಯಿಗೆ ಹಂದಿಯ ಮೂತ್ರಕೋಶದ ಪೊರೆ ಕಟ್ಟಿ ನೀರಿನಲ್ಲಿ ಮುಳುಗಿಸಿದಾಗ ಪೊರೆ ಹೊರಕ್ಕೆ ಉಬ್ಬಿದ್ದನ್ನು ಕಂಡರು. ಹೊರಗಿನ ನೀರು ಒಳಗೆ ನುಗ್ಗಿತ್ತು.

ಈ ನುಗ್ಗುವಿಕೆಯನ್ನು ತಡೆದು ನಿಲ್ಲಿಸಲು ಗಟ್ಟಿ ದ್ರಾವಣದ ಕಡೆಯಿಂದ ಎಷ್ಟು ಒತ್ತಡ ಬೇಕೋ ಅದೇ ಅಭಿಸರಣ ಒತ್ತಡ. ಅದಕ್ಕಿಂತ ಹೆಚ್ಚು ಒತ್ತಿದರೆ ನೀರು ಬಂದ ದಾರಿಯಲ್ಲೇ ಹಿಂದಿರುಗುತ್ತದೆ, ಉಪ್ಪು ಇದ್ದಲ್ಲೇ ಉಳಿಯುತ್ತದೆ. ಹಿಮ್ಮುಖ ಅಭಿಸರಣೆ ಎಂದರೆ ಇಷ್ಟೇ. ಇಲ್ಲಿಗೆ ನಿಲ್ಲಿಸದೆ, ದಯವಿಟ್ಟು ಲೆಕ್ಕವನ್ನೂ ಮಾಡಿ ನೋಡಿ. ವಿಷಯ ಮನಸ್ಸಿನಲ್ಲಿ ನಿಲ್ಲುವುದು ಲೆಕ್ಕದಿಂದಲೇ. ರಸಾಯನಶಾಸ್ತ್ರದ ಮೊದಲ ನೊಬೆಲ್ ಪ್ರಶಸ್ತಿಯನ್ನು 1901ರಲ್ಲಿ ಪಡೆದ ವಾಂಟ್ ಹಾಫ್ ಕೊಟ್ಟ ಸೂತ್ರ ಸರಳವಾಗಿದೆ: ಕಣಗಳ ಮೋಲಾರಿಟಿ, ಅನಿಲ ಸ್ಥಿರಾಂಕ, ಕೆಲ್ವಿನ್ ಉಷ್ಣತೆ, ಈ ಮೂರರ ಗುಣಲಬ್ಧವೇ ಅಭಿಸರಣ ಒತ್ತಡ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿದೆ. ಎಲ್ಲವೂ ಅಡುಗೆ ಉಪ್ಪೇ ಎಂದುಕೊಂಡರೆ, 35ನ್ನು ಅದರ ಮೋಲಾರ್ ದ್ರವ್ಯರಾಶಿ 58.5ರಿಂದ ಭಾಗಿಸಿ 0.6 ಮೋಲ್. ಉಪ್ಪು ಕರಗಿದಾಗ ಎರಡು ಅಯಾನುಗಳಾಗುವುದರಿಂದ 1.2. ಅದನ್ನು 0.083 ಮತ್ತು 300ರಿಂದ ಗುಣಿಸಿದರೆ ಸುಮಾರು 30 ಬಾರ್. ನಿಜವಾದ ಕಡಲ ನೀರಿಗೆ ಇದು 27 ಬಾರ್‌ನಷ್ಟು. ಅಂದರೆ ಹದಿನೈದು ಎತ್ತರದ ಅಡಿಕೆ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರದ ನೀರಿನ ಕಂಬದ ಒತ್ತಡ! ಚೆನ್ನೈ ಬಳಿಯ ಮಿಂಜೂರು ಮತ್ತು ನೆಮ್ಮೇಲಿ ಸ್ಥಾವರಗಳಂತೆ ಕಡಲ ನೀರನ್ನು ಸಿಹಿಯಾಗಿಸುವಲ್ಲಿ 55ರಿಂದ 70 ಬಾರ್ ಒತ್ತಡ ಬೇಕಾಗುವುದು ಇದಕ್ಕೇ.

ಈಗ ದೊಡ್ಡಮ್ಮನ ಬಾವಿಗೆ ಬನ್ನಿ. ಏಪ್ರಿಲ್‌ನಲ್ಲಿ ನಾನು ಅಳೆದಾಗ ಟಿಡಿಎಸ್, ಅಂದರೆ ಕರಗಿದ ಘನವಸ್ತುಗಳ ಒಟ್ಟು ಪ್ರಮಾಣ, ಲೀಟರಿಗೆ 1200 ಮಿಲಿಗ್ರಾಂ ಇತ್ತು. ಅದೇ ಸೂತ್ರ ಹಾಕಿದರೆ ಒತ್ತಡ ಒಂದು ಬಾರ್‌ನ ಆಸುಪಾಸು. ಮನೆಯ ಯಂತ್ರದ ಪುಟ್ಟ ಪಂಪು ಕೊಡುವ ಐದಾರು ಬಾರ್ ಇದಕ್ಕೆ ಧಾರಾಳ. ಆದರೆ ಅದೇ ಯಂತ್ರಕ್ಕೆ ಕಡಲ ನೀರು ಹಾಕಿದರೆ ಒಂದು ಹನಿಯೂ ಶುದ್ಧ ನೀರು ಬಾರದು.

ಪೊರೆಯನ್ನು ಜರಡಿ ಎಂದು ವಿವರಿಸುವುದು ರೂಢಿ. ನನಗೆ ಅದು ತಪ್ಪು ದಾರಿಗೆ ಎಳೆಯುವ ಹೋಲಿಕೆ ಅನಿಸುತ್ತದೆ. ನೀರಿನ ಅಣುವಿನ ಅಗಲ ಸುಮಾರು 0.28 ನ್ಯಾನೋಮೀಟರ್. ಬರಿಯ ಸೋಡಿಯಂ ಅಯಾನು ಅದಕ್ಕಿಂತಲೂ ಚಿಕ್ಕದು, ಸುಮಾರು 0.2. ಜರಡಿಯೇ ಆಗಿದ್ದರೆ ಉಪ್ಪು ಮೊದಲು ದಾಟಬೇಕಿತ್ತು. ದಾಟದಿರಲು ಕಾರಣ ವಿದ್ಯುದಾವೇಶ. ನೀರಿನೊಳಗಿನ ಸೋಡಿಯಂ ಅಯಾನು ಒಂಟಿಯಾಗಿರುವುದಿಲ್ಲ. ನೀರಿನ ಅಣುಗಳು ಅದನ್ನು ಬಿಗಿಯಾಗಿ ಸುತ್ತುವರಿದಿರುತ್ತವೆ. ಆ ಹೊದಿಕೆಯನ್ನು ಕಳಚಿ ಪೊರೆಯ ವಸ್ತುವಾದ ಪಾಲಿಅಮೈಡ್‌ನ ಒಳಹೊಗಲು ಅದಕ್ಕೆ ಬಹಳ ಶಕ್ತಿ ಬೇಕು. ಹೊದಿಕೆ ಸಮೇತ ಹೋಗೋಣವೆಂದರೆ ಜಾಗವಿಲ್ಲ. ಆವೇಶವಿಲ್ಲದ ನೀರಿನ ಅಣುವಾದರೋ ಪೊರೆಯ ವಸ್ತುವಿನಲ್ಲಿ ಕರಗಿ, ವಿಸರಣೆಯಿಂದ ಆಚೆ ಬದಿಗೆ ತಲುಪುತ್ತದೆ. ಆವೇಶವಿಲ್ಲದ ಇಂಗಾಲದ ಡೈಆಕ್ಸೈಡ್‌ನಂಥ ಅನಿಲವೂ ಹೀಗೆಯೇ ದಾಟುತ್ತದೆ. ಆರ್‌ಒ ನೀರು ತುಸು ಆಮ್ಲೀಯವಾಗಿರುವುದಕ್ಕೆ ಇದೂ ಒಂದು ಕಾರಣ.

ಇಂಥ ಪೊರೆ ಸುಲಭವಾಗಿ ಸಿಕ್ಕಿದ್ದಲ್ಲ. ಸೆಲ್ಯುಲೋಸ್ ಅಸಿಟೇಟ್ ಹಾಳೆ ಉಪ್ಪನ್ನು ತಡೆಯುತ್ತದೆ ಎಂದು 1950ರ ದಶಕದಲ್ಲೇ ತಿಳಿದಿತ್ತು, ಆದರೆ ನೀರು ಜಿನುಗುತ್ತಿದ್ದುದು ತೀರಾ ಅಲ್ಪ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ವಿಭಾಗದಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಆ ದಶಕದ ಕೊನೆಯಲ್ಲಿ ಹೊಸ ಬಗೆ ಹುಡುಕಿದರು: ಮೇಲೆ ಅತಿ ತೆಳುವಾದ ಬಿಗಿ ಪದರ, ಕೆಳಗೆ ಅದನ್ನು ಹೊರುವ ರಂಧ್ರಮಯ ಪದರ. ಉಪ್ಪನ್ನು ತಡೆಯುವ ಕೆಲಸವನ್ನು ತೆಳು ಪದರಕ್ಕೂ ಒತ್ತಡ ತಾಳುವ ಕೆಲಸವನ್ನು ದಪ್ಪ ಪದರಕ್ಕೂ ಹಂಚಿದ ಈ ಯೋಚನೆ ನನಗೆ ಇಡೀ ವಿಷಯದಲ್ಲೇ ಅತ್ಯಂತ ಸುಂದರವಾಗಿ ಕಾಣುತ್ತದೆ. 1965ರಲ್ಲಿ ಕ್ಯಾಲಿಫೋರ್ನಿಯಾದ ಕೊಯಲಿಂಗ ಎಂಬ ಊರಿಗೆ ಈ ಬಗೆಯ ಪೊರೆಯಿಂದ ಕುಡಿಯುವ ನೀರು ಸಿಕ್ಕಿತು. 1970ರ ದಶಕದಲ್ಲಿ ಜಾನ್ ಕ್ಯಾಡಾಟ್ ಪಾಲಿಅಮೈಡ್ ಪದರವನ್ನು ತಂದರು. ಇಂದು ನಮ್ಮ ಮನೆಗಳಲ್ಲಿರುವುದು ಅದರ ವಂಶವೇ. ಹಾಳೆಗಳನ್ನು ತೂತುಗಳಿರುವ ನಡುಕೊಳವೆಗೆ ಚಾಪೆಯಂತೆ ಸುತ್ತಿರುತ್ತಾರೆ; ಶುದ್ಧ ನೀರು ಸುರುಳಿಯಾಗಿ ಒಳಕ್ಕೆ ಸಾಗಿ ಆ ಕೊಳವೆಯನ್ನು ಸೇರುತ್ತದೆ.

ಪೊರೆಗಿಂತ ಮೊದಲು ಬರುವ ಹಂತಗಳನ್ನು ಬೇಗ ನೋಡಿಬಿಡೋಣ. ಮೊದಲ ಫಿಲ್ಟರ್ ಮಣ್ಣು, ಹೊಯಿಗೆ ಹಿಡಿಯುತ್ತದೆ. ಎರಡನೆಯದು ಇದ್ದಿಲಿನದು. ಅದು ಕ್ಲೋರಿನ್ ತೆಗೆಯುವುದು ಬರಿಯ ರುಚಿಗಾಗಿ ಅಲ್ಲ, ಕ್ಲೋರಿನ್ ಪಾಲಿಅಮೈಡನ್ನು ಕೆಡಿಸುತ್ತದೆ. ಬಾವಿಯಲ್ಲಿ ಕಬ್ಬಿಣದ ಕೆಂಪು ಇದ್ದರೆ ಅದನ್ನು ಗಾಳಿಯಾಡಿಸಿ, ಹೊಯಿಗೆಯಲ್ಲಿ ಸೋಸಿ ಮೊದಲೇ ತೆಗೆಯಬೇಕು. ಇಲ್ಲವಾದರೆ ಪೊರೆ ಬೇಗ ಕಟ್ಟಿಕೊಳ್ಳುತ್ತದೆ.

ದೊಡ್ಡಮ್ಮನಿಗೆ ಸಂಕಟವಾಗುವುದು ಪೊರೆ ದಾಟದೆ ಬೇರೆ ಕೊಳವೆಯಲ್ಲಿ ಹೊರಹೋಗುವ ನೀರನ್ನು ನೋಡಿದಾಗ. “ಮಗಾ, ಇಷ್ಟು ನೀರು ಹಾಳಾಗುತ್ತದಲ್ಲ, ಆ ಕೊಳವೆ ಮುಚ್ಚಿದರೇನು?” ಎಂದು ಕೇಳಿದ್ದರು. ಉತ್ತರವೂ ಲೆಕ್ಕದಲ್ಲೇ ಇದೆ. ನಾಲ್ಕು ಲೀಟರ್ ಒಳಹೋದರೆ 4800 ಮಿಲಿಗ್ರಾಂ ಲವಣ. ಪೊರೆ ದಾಟಿ ಬಂದ ಒಂದು ಲೀಟರ್ ಶುದ್ಧ ನೀರಿನಲ್ಲಿ 60. ಉಳಿದ 4740 ಮಿಲಿಗ್ರಾಂ ಮೂರು ಲೀಟರಿನಲ್ಲಿ ಇರಲೇಬೇಕು, ಅಂದರೆ ಲೀಟರಿಗೆ 1580. ಕೊಳವೆಯನ್ನು ಮುಕ್ಕಾಲು ಮುಚ್ಚಿ ನಾಲ್ಕರಲ್ಲಿ ಮೂರು ಲೀಟರ್ ಶುದ್ಧ ನೀರು ಪಡೆಯಲು ಹೊರಟರೆ ಉಳಿದ ಒಂದು ಲೀಟರಿನಲ್ಲಿ 4600ಕ್ಕೂ ಹೆಚ್ಚು ಲವಣ ಸೇರುತ್ತದೆ. ಅಭಿಸರಣ ಒತ್ತಡ ಏರುತ್ತದೆ, ಪೊರೆಯ ಮೇಲೆ ಸುಣ್ಣದ ಗಟ್ಟಿ ಪದರ ಕಟ್ಟುತ್ತದೆ, ಪೊರೆ ಸಾಯುತ್ತದೆ. ಹೊರಹೋಗುವ ನೀರೇ ಪೊರೆಯನ್ನು ತೊಳೆಯುತ್ತಿರುವುದು. ಈಗ ಅವರು ಅದನ್ನು ಬಕೆಟಿನಲ್ಲಿ ಹಿಡಿದು ಪಾತ್ರೆ ತೊಳೆಯಲು ಬಳಸಿ, ಮಿಕ್ಕದ್ದನ್ನು ತೆಂಗಿನ ಬುಡಕ್ಕೆ ಹಾಕುತ್ತಾರೆ. ತೆಂಗು ಅಷ್ಟು ಉಪ್ಪನ್ನು ತಾಳುತ್ತದೆ.

ಉಪ್ಪುನೀರಿನ ಕಷ್ಟ ಕಾಸರಗೋಡಿನವರಿಗೆ ಗೊತ್ತಿರುವುದೇ. ಬಾವಿಕ್ಕೆರೆಯಲ್ಲಿ ಅಣೆಕಟ್ಟು ಆಗುವ ಮೊದಲು ಬೇಸಿಗೆಯಲ್ಲಿ ಕಡಲಿನ ಉಬ್ಬರ ಹೊಳೆಯಲ್ಲಿ ಮೇಲೇರಿ ಪೇಟೆಯ ನಲ್ಲಿಗಳಲ್ಲಿ ಉಪ್ಪುನೀರು ಬರುತ್ತಿತ್ತು. ಕುದಿಸಿದರೆ ಉಪ್ಪು ಹೋಗುವುದಿಲ್ಲ, ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಅಂಥಲ್ಲಿ ಆರ್‌ಒ ನಿಜವಾದ ಉಪಕಾರಿ.

ಅಜ್ಜಿಯ ಸುರಂಗದ ನೀರಿನ ಟಿಡಿಎಸ್ ಮಾತ್ರ ಬರೀ 45. ಭಾರತೀಯ ಮಾನಕ ಬ್ಯೂರೋ ಒಪ್ಪುವ ಮಿತಿ 500. ಬೇರೆ ನೀರು ಸಿಗದಿದ್ದರೆ 2000ದವರೆಗೂ ಆಗಬಹುದು ಎನ್ನುತ್ತದೆ. ಹಾಗಿದ್ದರೂ ಯಂತ್ರ ಮಾರಲು ಬಂದವರೊಬ್ಬರು ಎರಡು ಲೋಟ ಇಟ್ಟು, ಒಂದರಲ್ಲಿ ಸುರಂಗದ ನೀರು, ಇನ್ನೊಂದರಲ್ಲಿ ಆರ್‌ಒ ನೀರು ತುಂಬಿ, ಲೋಹದ ಕಡ್ಡಿಗಳನ್ನು ಮುಳುಗಿಸಿ ಕರೆಂಟು ಹಾಯಿಸಿದರು. ಸುರಂಗದ ನೀರು ಕಂದು ಬಣ್ಣಕ್ಕೆ ತಿರುಗಿತು. ನೀವು ಇಷ್ಟು ವರ್ಷ ಕುಡಿದದ್ದು ಈ ಕೊಳೆ ಎಂದರು. ಅಜ್ಜಿ ಹೆದರಿದರು. ಆ ಬಣ್ಣ ನೀರಿನದಲ್ಲ. ಕಬ್ಬಿಣದ ಕಡ್ಡಿ ವಿದ್ಯುದ್ವಿಭಜನೆಯಿಂದ ಕರಗಿ ಆದ ತುಕ್ಕು. ಲವಣವಿಲ್ಲದ ಆರ್‌ಒ ನೀರಿನಲ್ಲಿ ವಿದ್ಯುತ್ ಹೆಚ್ಚು ಹರಿಯದ ಕಾರಣ ಅದು ತಿಳಿಯಾಗಿ ಉಳಿಯಿತು. ಹತ್ತನೆಯ ತರಗತಿಯ ಪಾಠ ಅಜ್ಜಿಯನ್ನು ಹೆದರಿಸಲು ಬಳಕೆಯಾದದ್ದು ನನಗೆ ಇಂದಿಗೂ ನೋವು ಕೊಡುತ್ತದೆ.

ಹಾಗೆಂದು 45 ಎಂಬ ಅಂಕೆ ನೀರು ಸುರಕ್ಷಿತ ಎಂದು ಸಾರುವುದಿಲ್ಲ. ಟಿಡಿಎಸ್ ಮಾಪಕ ಅಳೆಯುವುದು ವಿದ್ಯುತ್ ವಾಹಕತೆಯನ್ನು. ರೋಗಾಣು ಅದಕ್ಕೆ ಕಾಣುವುದಿಲ್ಲ. ತೆರೆದ ತೊಟ್ಟಿಗೆ ಬೀಳುವ ನೀರಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇದೆಯೇ ಎಂದು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ಇದ್ದರೆ ಚೆನ್ನಾಗಿ ಕುದಿಸಿದರೆ ಸಾಕು.

ಕೊನೆಗೆ ಒಂದು ಪ್ರಶ್ನೆ. ದೊಡ್ಡಮ್ಮನ ಯಂತ್ರದ ಶುದ್ಧ ನೀರಿನ ಟಿಡಿಎಸ್ 60ರಿಂದ 110ಕ್ಕೆ ಏರಿತು, ಹರಿವೂ ಕುಗ್ಗಿತು. ಪೊರೆ ಬದಲಿಸಬೇಕೇ? ಪೊರೆ ದಾಟುವ ನೀರಿನ ಪ್ರಮಾಣ ಪಂಪಿನ ಒತ್ತಡದಲ್ಲಿ ಅಭಿಸರಣ ಒತ್ತಡವನ್ನು ಕಳೆದು ಉಳಿದದ್ದಕ್ಕೆ ಅನುಗುಣ. ನುಸುಳುವ ಉಪ್ಪಾದರೋ ಎರಡು ಬದಿಗಳ ಸಾರತೆಯ ಅಂತರವನ್ನು ಅವಲಂಬಿಸುತ್ತದೆ, ಒತ್ತಡವನ್ನಲ್ಲ. ಆದ್ದರಿಂದ ಒತ್ತಡ ಇಳಿದರೆ ನೀರು ಕಡಿಮೆ, ಉಪ್ಪು ಮೊದಲಿನಷ್ಟೇ. ಅಳತೆ ತಾನಾಗಿ ಏರುತ್ತದೆ. ನಾವು ಮೊದಲ ಫಿಲ್ಟರ್ ಬಿಚ್ಚಿದೆವು. ಹೊಯಿಗೆ ಕಟ್ಟಿ ಕಪ್ಪಾಗಿತ್ತು, ಒತ್ತಡ ಇಳಿದದ್ದು ಅದರಿಂದಲೇ. ಅದನ್ನು ಬದಲಿಸಿದ ಮರುದಿನ ಮಾಪಕ 63 ತೋರಿಸಿತು.